ಬಿಯರ್ ಕೊಳವೆಯೂ ಅತ್ತೆಯ ದೀಪವೂ

ಹನ್ನೆರಡು ವರ್ಷ ಕಾರ್ಖಾನೆಯ ಪೈಪುಗಳ ನಡುವೆ ಬಾಳಿದವನಿಗೆ ಸ್ವಲ್ಪ ಸೊಕ್ಕು ಬರುವುದು ಸಹಜ. ನನಗೆ ತುಸು ಹೆಚ್ಚೇ ಬಂದಿತ್ತು. ಮದುವೆಮನೆಗೆ ಹೋದರೂ ಅಡುಗೆಯವರ ಗ್ಯಾಸ್ ಕೊಳವೆಯ ಮೇಲೇ ಮೊದಲು ಕಣ್ಣು. ಆ ಸೊಕ್ಕು ಇಳಿದದ್ದು ತೊಂಬತ್ತರ ದಶಕದ ಆರಂಭದಲ್ಲಿ, ಕೆಲಸಕ್ಕೆಂದು ಬಂದು ನಾವು ನೆಲೆಸಿದ್ದ ವಿಶಾಖಪಟ್ಟಣದ ದುವ್ವಾಡದಲ್ಲಿ, ಒಂದು ಬಿಯರ್ ಕೊಳವೆಯಿಂದ.

ಪಕ್ಕದ ಮನೆಯ ಸೂರಿಬಾಬು ಹಡಗಿನ ಎಂಜಿನ್ ಕೋಣೆಯಲ್ಲಿ ದುಡಿದು ನಿವೃತ್ತರಾದವರು. ಯಾವುದೋ ಬಂದರಿನಿಂದ ಬಿಯರ್ ನಲ್ಲಿಯೊಂದನ್ನು ತಂದಿದ್ದರು. ಹಳೆಯ ಫ್ರಿಜ್ಜಿನೊಳಗೆ ಬಿಯರ್ ಪೀಪಾಯಿ, ಪಕ್ಕದಲ್ಲಿ ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್. ಗ್ಯಾಸ್ ಒತ್ತಿದರೆ ಬಿಯರ್ ನಲ್ಲಿಗೆ ಏರಬೇಕು. ಕೊಳವೆ ಜೋಡಿಸುವ ಕೆಲಸ ನನ್ನದಾಯಿತು. ತುದಿಯನ್ನು ನೆಟ್ಟಗೆ ಕತ್ತರಿಸಿ, ಬಿಸಿನೀರಿನಲ್ಲಿ ಮೆದುಮಾಡಿ, ಸಿಲಿಂಡರಿನ ಮೂತಿಗೆ ಪೂರ್ತಿ ತುರುಕಿ, ಮೇಲೆ ಕ್ಲಿಪ್ ಬಿಗಿದು, ಕೊನೆಗೆ ಸೋಪಿನ ನೀರು ಸವರಿ ಗುಳ್ಳೆ ಏಳುತ್ತದೆಯೇ ಎಂದು ನೋಡಬೇಕು. ಕೊಳವೆ ಸೋರುವುದು ಸಾಮಾನ್ಯವಾಗಿ ನಡುವಿನಲ್ಲಲ್ಲ, ಕೂಡುವಲ್ಲಿ, ಸಂಸಾರವೂ ಹಾಗೆಯೇ. ಇಷ್ಟೆಲ್ಲ ಬಲ್ಲ ನಾನು, ಇಷ್ಟು ಚಿಕ್ಕ ಕೆಲಸಕ್ಕೆ ಸೋಪೇಕೆ ಎಂದು ಬಿಟ್ಟುಬಿಟ್ಟೆ.

ಯಂತ್ರವಿದ್ದದ್ದು ಮೂರು ಮೆಟ್ಟಿಲು ಕೆಳಗಿನ, ಕಿಟಕಿಯಿಲ್ಲದ ತಣ್ಣನೆಯ ಕೋಣೆಯಲ್ಲಿ. ಅಲ್ಲೇ ಒಂದು ಮೂಲೆಯಲ್ಲಿ, ಮಣೆಯ ಮೇಲೆ, ಸೂರಿಬಾಬುವಿನ ತೀರಿಹೋದ ತಾಯಿಯ ಪಟ. ಆಕೆಯ ಸೊಸೆ, ಅಂದರೆ ಸೂರಿಬಾಬುವಿನ ಹೆಂಡತಿ ಸತ್ಯವತಿ, ದಿನವೂ ಮುಸ್ಸಂಜೆ ಅದರ ಮುಂದೆ ದೀಪ ಹಚ್ಚಿ ಕೂರುತ್ತಿದ್ದರು.

ಕೆಲವು ದಿನಗಳಲ್ಲಿ ದೀಪ ಆರತೊಡಗಿತು. ಎಣ್ಣೆಯಿತ್ತು, ಬತ್ತಿಯಿತ್ತು, ಗಾಳಿಯ ಸುಳಿವಿಲ್ಲ. ಯಾರೋ ಬೆರಳಿನಿಂದ ಚಿವುಟಿದಂತೆ ಜ್ವಾಲೆ ಸಣ್ಣಗಾಗಿ ಸುಮ್ಮನಾಗುತ್ತಿತ್ತು. ಮೂರನೆಯ ಸಂಜೆ ಸತ್ಯವತಿ ಮೆಟ್ಟಿಲ ಮೇಲೆ ಕುಸಿದುಬಿದ್ದರು. ಸೂರಿಬಾಬು ಅವರನ್ನು ಎತ್ತಿ ವರಾಂಡಕ್ಕೆ ತಂದರು. ಕೂಗು ಕೇಳಿ ನಾನೂ ನನ್ನ ಹೆಂಡತಿ ಸುಮಿತ್ರೆಯೂ ಓಡಿದೆವು.

ಗಾಳಿ ತಾಗಿ ಕಣ್ಣುಬಿಟ್ಟ ಸತ್ಯವತಿ ತೆಲುಗಿನಲ್ಲಿ ಮೆಲ್ಲಗೆ ಹೇಳಿದರು: "ಎದೆಯ ಮೇಲೆ ಯಾರೋ ಕೂತಿದ್ದರು. ನಮ್ಮ ಅತ್ತಗಾರಿಗೆ ಮನೆಯಲ್ಲಿ ಬಿಯರ್ ಇಷ್ಟವಿಲ್ಲ." ಅತ್ತಗಾರು ಎಂದರೆ ಅತ್ತೆಯವರು, ಆ ಪಟದಲ್ಲಿದ್ದವರು.

ಸುಮಿತ್ರೆ ನನ್ನನ್ನೇ ನೋಡಿದಳು. "ಅಲ್ಲಿ ಹೊಸದಾಗಿ ಬಂದದ್ದು ನಿಮ್ಮ ಕೊಳವೆಯೊಂದೇ," ಎಂದಳು.

ನಾನು ಮೆಟ್ಟಿಲ ಬಳಿ ನಿಂತು ಕಡ್ಡಿ ಗೀರಿದೆ. ಎದೆಯೆತ್ತರದಲ್ಲಿ ಚೆನ್ನಾಗಿಯೇ ಉರಿಯಿತು. ಬಗ್ಗಿ ಕೈಯನ್ನು ಕೋಣೆಯೊಳಕ್ಕೆ ಇಳಿಸಿದೆ. ಮಣೆಯ ಮಟ್ಟ ಸಮೀಪಿಸಿದಂತೆ ಜ್ವಾಲೆ ಕಡ್ಡಿಯನ್ನು ಬಿಟ್ಟು ಹೋಯಿತು. ಮತ್ತೊಂದು ಗೀರಿದೆ; ಅದೂ ಅಲ್ಲಿಯೇ ಆರಿತು. ಕಾರ್ಬನ್ ಡೈಆಕ್ಸೈಡ್ ಗಾಳಿಗಿಂತ ಭಾರದ ಗ್ಯಾಸು, ಬಣ್ಣವಿಲ್ಲ, ನೀರಿನಂತೆ ತಗ್ಗಿನಲ್ಲಿ ನಿಲ್ಲುತ್ತದೆ ಎಂದು ನನಗೆ ಗೊತ್ತು. ಗೊತ್ತಿದ್ದೂ ಮೈಯ ರೋಮ ಎದ್ದು ನಿಂತಿತು. ಕಾಣದ ಕೆರೆಯೊಂದರ ದಡದಲ್ಲಿ ಬಗ್ಗಿದ್ದೆ. ಆಚೆ ಪಟದಲ್ಲಿ ಮುದುಕಿ ನೆಟ್ಟಗೆ ನನ್ನನ್ನೇ ನೋಡುತ್ತಿದ್ದಳು.

ಉಸಿರು ಬಿಗಿಹಿಡಿದು ಇಳಿದು ಸಿಲಿಂಡರ್ ಮುಚ್ಚಿ ಓಡಿಬಂದೆ. ಬಾಗಿಲು ತೆರೆದಿಟ್ಟು ಫ್ಯಾನ್ ಹಾಕಿದೆವು. ಮರುದಿನ ಯಂತ್ರವನ್ನು ವರಾಂಡಕ್ಕೆ ಸಾಗಿಸಿ ಸೋಪಿನ ನೀರು ಸವರಿದೆ. ನಾನೇ ಓರೆಯಾಗಿ ಕತ್ತರಿಸಿದ್ದ ತುದಿಯಲ್ಲಿ ಗುಳ್ಳೆಗಳು ಸಾಲಾಗಿ ಎದ್ದವು.

ತಪ್ಪು ನನ್ನದೇ ಎಂದು ಸತ್ಯವತಿಗೆ ಹೇಳಹೋದೆ. ಅವರು, "ನನಗೆ ಹೇಳಬೇಡಿ. ಕೆಳಗೆ ಹೋಗಿ ಅತ್ತಗಾರಿಗೆ ಹೇಳಿ," ಎಂದರು.

ಪಟದ ಮುಂದೆ ಕೈಮುಗಿದು ನಿಂತೆ. ಅಷ್ಟು ವರ್ಷಗಳಲ್ಲಿ ಕಲಿತ ತೆಲುಗೆಲ್ಲ ಆ ಗಳಿಗೆಯಲ್ಲಿ ಮರೆತುಹೋಯಿತು. ಹೇಳಿದ್ದೆಲ್ಲ ಕನ್ನಡದಲ್ಲೇ. ಕೊಳವೆ ಗಡುಸಾಗಿತ್ತು, ಕತ್ತರಿ ಮೊಂಡಾಗಿತ್ತು, ಬೆಳಕು ಸಾಲದಾಗಿತ್ತು, ತಪ್ಪಾಯಿತು. ಕೇಳುವವರಿಗೆ ತಿಳಿಯದ ಭಾಷೆಯಲ್ಲಿ ತಪ್ಪೊಪ್ಪಿಕೊಳ್ಳುವುದು ಎಷ್ಟು ಸುಲಭ ಎನ್ನಿಸಿತು.

ಮೆಟ್ಟಿಲ ಮೇಲಿಂದ ಸತ್ಯವತಿ ತೆಲುಗಿನಲ್ಲಿ ಹೇಳಿದರು: "ನನಗೆ ಕನ್ನಡ ಬರುವುದಿಲ್ಲ. ಆದರೆ ತಪ್ಪು ತೆಲುಗಿನಲ್ಲೂ ತಪ್ಪೇ. ಕ್ಷಮೆ ಕೇಳಿದ್ದು ಕೊನೆಯ ಮಾತಿನಲ್ಲಿ ಮಾತ್ರ, ಅಲ್ಲವಾ? ಇನ್ನೊಮ್ಮೆ ಹೇಳಿ. ಅದೊಂದನ್ನೇ ಹೇಳಿ."