ನೂರಾ ಹದಿನಾಲ್ಕನೇ ಸಸಿ

ನಮ್ಮ ಕಸುಬಿನಲ್ಲಿ ಗೊಬ್ಬರಕ್ಕಿಂತ ಕೈಗುಣ ದೊಡ್ಡದು. ಇಬ್ರಾಹಿಂಪುರದ ರೈಲು ಹಳಿಯ ಬದಿಗೆ ನನ್ನ ಸಣ್ಣ ನರ್ಸರಿ ಶುರುವಾದದ್ದೇ ಆ ಮಾತಿನ ಮೇಲೆ. ನಮ್ಮತ್ತೆ ಬದುಕಿದ್ದಾಗ ಓಣಿ ತುಂಬ ಸಾರಿಕೊಂಡು ಬಂದಿದ್ದರು: "ನಮ್ಮ ಸೊಸಿ ಒಣ ಕಟಗಿ ಹಚ್ಚಿದ್ರೂ ಚಿಗೀತೈತಿ." ಅವರು ನನ್ನನ್ನು ಹೊಗಳಿದ್ದು ಅದೊಂದೇ ವಿಷಯಕ್ಕೆ. ನನ್ನ ಅಡುಗೆಯ ಬಗ್ಗೆ ಏನು ಸಾರಿದರು ಎಂಬುದನ್ನು ಇಲ್ಲಿ ಬರೆಯುವುದಿಲ್ಲ.

ಆ ಮಾತು ಕೇಳಿಯೇ ಟಿಕೋಟಾ ಕಡೆಯಿಂದ ಒಬ್ಬ ನಿವೃತ್ತ ಇಂಜಿನಿಯರ್ ಸಾಹೇಬರು ಬಂದರು. ಹೊಲದಲ್ಲಿ ಹೊಸ ಮನೆ ಕಟ್ಟಿಸಿದ್ದರು. ಮೊಬೈಲಿನಲ್ಲಿ ಯಾವುದೋ ರೆಸಾರ್ಟಿನ ಫೋಟೋ ತೋರಿಸಿ, "ಇಂಥಾ ಬೇಲಿ ಬೇಕು. ನಾನೂರು ಅಡಿ. ವರ್ಷಪೂರ್ತಿ ಹಸರ ಇರಬೇಕು, ಆಚಿ ಕಡೆ ಏನೂ ಕಾಣಬಾರದು," ಎಂದರು.

"ಮೆಹಂದಿ ಹಚ್ಚೋಣ್ರಿ, ಸಾಹೇಬ್ರ. ನಮ್ಮ ಬಿಸಲಿಗೆ ಅದ ಛಲೋ."

"ಅದು ಹಳ್ಳಿ ಗಿಡ ಆತಲ್ರಿ!" ಎಂದರು, ಹಳ್ಳಿಯ ಹೊಲದಲ್ಲಿ ಮನೆ ಕಟ್ಟಿಸಿಕೊಂಡ ಸಾಹೇಬರು. ಕೊನೆಗೆ ದಟ್ಟ ಹಸಿರೆಲೆಯ, ಬಿಳಿ ಹೂವಿನ ಕಾಮಿನಿ ಗಿಡ ಎಂದು ನಿರ್ಧಾರವಾಯಿತು.

ಆಚೆ ಕಡೆ ಏನಿತ್ತು ಎಂದು ಅವರ ಹೊಲಕ್ಕೆ ಹೋದ ಮೇಲೆ ತಿಳಿಯಿತು. ಅವರ ತಮ್ಮನ ಹೊಲ, ತಮ್ಮನ ಮನೆ. ನಡುವೆ ಒಂದು ಒಡ್ಡು ಅಷ್ಟೇ. ಅಣ್ಣತಮ್ಮಂದಿರು ಮಾತು ಬಿಟ್ಟಿದ್ದರು. ಜಗಳ ನೀರಿನದಲ್ಲ, ನೆಲದ್ದೂ ಅಲ್ಲ. ತಮ್ಮನ ಮಗಳ ಲಗ್ನಪತ್ರಿಕೆಯಲ್ಲಿ ಅಣ್ಣನ ಹೆಸರಿನ ಕೆಳಗೆ 'ನಿವೃತ್ತ ಇಂಜಿನಿಯರ್' ಎಂದು ಹಾಕಿಸುವುದು ಮರೆತುಹೋಗಿತ್ತು. ಅಷ್ಟಕ್ಕೇ ನಾನೂರು ಅಡಿ ಬೇಲಿ. ಇಂಥ ಜಗಳಗಳಿಂದಲೇ ನನ್ನಂಥವರ ಒಲೆ ಉರಿಯುತ್ತದೆ ಎಂದು ನಾನೂ ಸುಮ್ಮನಾದೆ.

ಮುಂಗಾರು ಬಿದ್ದ ಮೇಲೆ ಕೆಲಸ ಹಿಡಿದೆವು. ಸಾಹೇಬರು ಗೋಡೆ ಕಟ್ಟುವ ಗೌಂಡಿಯವರ ದಾರ ಕಟ್ಟಿಸಿ, ಒಂದು ಕಣ್ಣು ಮುಚ್ಚಿ, ಒಡ್ಡಿನ ತುದಿಗೆ ನಿಂತರು. ಎರಡಡಿಗೆ ಒಂದರಂತೆ ಇನ್ನೂರು ಸಸಿ. ಪ್ರತಿ ಸಸಿಗೂ ತಗಡಿನ ಬಿಲ್ಲೆಯಲ್ಲಿ ನಂಬರು ಬರೆಸಿ ನೇತುಹಾಕಿಸಿದರು. ಸರ್ಕಾರಿ ಸೇವೆಯಲ್ಲಿ ಇಷ್ಟು ನೆಟ್ಟಗೆ ಏನಾದರೂ ಕಟ್ಟಿಸಿದ್ದರೋ ಇಲ್ಲವೋ, ಈ ಬೇಲಿಯನ್ನಂತೂ ಕಟ್ಟಿಸಿದರು.

ಅವರ ಹೆಂಡತಿ ಚಹಾ ತಂದವರು ಕೇಳಿದರು: "ಅಕ್ಕಾರ, ಇದು ಎದಿಮಟ ಬರಾಕ ಎಷ್ಟು ದಿನ ಬೇಕ್ರಿ?"

"ವರ್ಷ, ವರ್ಷಾ ಒಂದೂವರೀರಿ. ಆಮ್ಯಾಲ ಬೆಕ್ಕೂ ದಾಟಂಗಿಲ್ಲ, ನೋಡ್ರಿ!" ಎಂದು ನಾನು ಎದೆಯುಬ್ಬಿಸಿ ಹೇಳಿದೆ. ಅವರು ಏನೂ ಅನ್ನದೆ ಖಾಲಿ ಕಪ್ಪು ತೆಗೆದುಕೊಂಡು ಹೋದರು. ನನ್ನ ಜಾಣತನಕ್ಕೆ ಬೆರಗಾಗಿ ಮಾತು ನಿಂತಿರಬೇಕು ಎಂದುಕೊಂಡೆ. ಎಂಥ ಪೆದ್ದಿ ನಾನು!

ಶ್ರಾವಣದಲ್ಲಿ ಫೋನು ಬಂತು: ನೂರಾ ಹದಿನಾಲ್ಕನೇ ಸಸಿ ಒಣಗಿದೆ. ಹೋಗಿ ಬೇರೆ ಹಚ್ಚಿ ಬಂದೆ. ದಸರೆಗೆ ಮತ್ತೆ ಫೋನು. ಅದೇ ನಂಬರು. ದೀಪಾವಳಿಗೆ ಮತ್ತೆ ಅದೇ. ಎಡಬಲದ ನೂರಾ ಹದಿಮೂರು, ನೂರಾ ಹದಿನೈದು ಮೊಣಕಾಲು ದಾಟಿ ಚಿಗುರಿ ನಿಂತಿದ್ದವು. ಸಾಹೇಬರು ಗೆದ್ದಲು ಎಂದು ಔಷಧ ಹೊಡೆಸಿದರು. ಸ್ಟೇಷನ್ ರಸ್ತೆಯಿಂದ ಒಬ್ಬ ವಾಸ್ತು ಪಂಡಿತರನ್ನು ಕರೆಸಿದರು. ಅವರು ಮೊಬೈಲಿನ ದಿಕ್ಸೂಚಿ ಹಿಡಿದು ಮೂರು ಸುತ್ತು ಹಾಕಿ, ಪಾಯಖಾನೆಯ ಬಾಗಿಲು ತಿರುಗಿಸಬೇಕು ಎಂದರು. ಬಾಗಿಲು ತಿರುಗಿತು. ಸಸಿ ಮತ್ತೆ ಸತ್ತಿತು.

ಒಂದು ಮುಂಜಾನೆ ನಾನೇ ಹೋಗಿ ಸತ್ತ ಸಸಿಯನ್ನು ಬುಡಸಮೇತ ಕಿತ್ತೆ. ಬೇರಿನ ಸುತ್ತ ಬೆಳ್ಳಗೆ ಹರಳು. ನಾಲಿಗೆಗೆ ಹಚ್ಚಿ ನೋಡಿದೆ, ಉಪ್ಪು. ಆಗ ತಲೆ ಎತ್ತಿ ಸರಿಯಾಗಿ ನೋಡಿದೆ. ಆಚೆ ಮನೆಯ ಅಡುಗೆಮನೆಯಿಂದ ಒಂದು ಸಣ್ಣ ಕಾಲುದಾರಿ, ಈಚೆ ಅಡುಗೆಮನೆಯಿಂದ ಒಂದು ಕಾಲುದಾರಿ. ಎರಡೂ ಬಂದು ಕೂಡುವುದು ನೂರಾ ಹದಿನಾಲ್ಕರ ಮೇಲೆ.

ಸಾಹೇಬರ ಹೆಂಡತಿ ಬೆನ್ನ ಹಿಂದೆ ಬಂದು ನಿಂತಿದ್ದರು. ಅಂಜಿದ್ದರು ಅನ್ನಿಸಲಿಲ್ಲ.

"ಆಚಿ ಮನ್ಯಾಕಿ ನನ್ನ ಒಡಹುಟ್ಟಿದ ತಂಗಿರಿ, ಅಕ್ಕಾರ. ಒಂದ ಲಗ್ನದ ಹಂದರದಾಗ ಇಬ್ರೂ ಅಕ್ಕತಂಗಿ ಈ ಮನಿಗೆ ಬಂದೇವಿ. ಗಂಡಸರು ಮಾತು ಬಿಟ್ಟಾರ, ನಾವೇನು ಬಿಟ್ಟೇವೇನ್ರಿ? ತಂಗಿ ಕೈಯಾನ ರೊಟ್ಟಿ ತಿನ್ನಾಕ ನಾ ಟಿಕೋಟಾ ಸುತ್ತಿ ಬರ್ಲೇನು?"

"ಸಾಹೇಬ್ರಿಗೆ ಹೇಳ್ಬೇಕಿಲ್ರಿ ಮತ್ತ?"

"ಹೇಳಿದ್ರ ಅಲ್ಲೊಂದು ಗ್ವಾಡಿ ಕಟ್ಟಸ್ತಾರ. ಗ್ವಾಡಿಗೆ ಉಪ್ಪು ಹಾಕಿದ್ರ ಸಾಯ್ತೈತೇನ್ರಿ?"

ನಾನು ಕಿತ್ತ ಗುಂಡಿಗೆ ಮಣ್ಣು ಎಳೆದು ಕೈ ಕೊಡವಿಕೊಂಡೆ.

ಮುಂದಿನ ವಾರ ಸಾಹೇಬರು ನನ್ನನ್ನು ಕರೆಸಿದರು. ಜೊತೆಗೆ ಬಬಲೇಶ್ವರದ ಒಬ್ಬ ಒಣದ್ರಾಕ್ಷಿ ವ್ಯಾಪಾರಿ ಬಂದಿದ್ದರು. ಅವರದು ದೊಡ್ಡ ಬಂಗಲೆ, ಇದರ ಎರಡರಷ್ಟು ಬೇಲಿ. ಸಿಕ್ಕರೆ ನನ್ನ ನರ್ಸರಿಗೆ ಎರಡು ವರ್ಷದ ಕೆಲಸ. ಅವರು ಬೇಲಿಯುದ್ದಕ್ಕೂ ನಡೆದು ಬಂದು, ಖಾಲಿ ಜಾಗದ ಮುಂದೆ ನಿಂತು, "ಇದೇನಾತ್ರಿ ಇಲ್ಲಿ?" ಎಂದು ಕೇಳಿದರು.

ಸಾಹೇಬರು ನನ್ನ ಮುಖ ನೋಡಿದರು. "ಗೆದ್ದಲ ಅಲ್ಲ, ವಾಸ್ತು ಅಲ್ಲ. ಮತ್ತೇನ್ರಿ, ಅಕ್ಕಾರ? ನೀವ ಹೇಳ್ರಿ."

ಅವರ ಹೆಂಡತಿ ಚಹಾದ ತಟ್ಟೆ ಹಿಡಿದು ನಿಂತಿದ್ದರು. ಉಪ್ಪು ಎಂದು ಒಂದು ಮಾತು ಆಡಿದರೆ ಬಬಲೇಶ್ವರ ನನ್ನದು. ಒಂದು ಕ್ಷಣ ಆಸೆಯಾಯಿತು, ಸುಳ್ಳು ಯಾಕೆ ಹೇಳಲಿ. ಆದರೆ ನಾನೂ ಅಕ್ಕತಂಗಿಯರ ನಡುವೆ ಬೆಳೆದವಳು.

"ನನ್ನ ಕೈಗುಣರಿ," ಎಂದೆ. "ಈ ಜಾಗಾಕ್ಕ ಆಗಿಬರವಲ್ದು."

ಗೆದ್ದಲನ್ನೂ ವಾಸ್ತುವನ್ನೂ ಅರ್ಧರ್ಧ ನಂಬಿದ್ದ ಇಂಜಿನಿಯರ್ ಸಾಹೇಬರು ಇದನ್ನು ಪೂರ್ತಿ ನಂಬಿಬಿಟ್ಟರು. "ಹಂಗನ್ರಿ! ನನಗೂ ಹಂಗ ಅನಸಿತ್ತು," ಎಂದರು. ವ್ಯಾಪಾರಿ ಫೋನ್ ಮಾಡುತ್ತೇನೆ ಎಂದು ಹೋದವರು ಮಾಡಲಿಲ್ಲ. ಅವರ ಬೇಲಿ ಸೊಲ್ಲಾಪುರ ರಸ್ತೆಯ ನರ್ಸರಿಯವರ ಪಾಲಾಯಿತು. ಒಣ ಕಟಗಿ ಚಿಗುರಿಸುವ ಸೊಸೆಗೆ ಒಂದು ಕಾಮಿನಿ ಉಳಿಸಿಕೊಳ್ಳಲಾಗಲಿಲ್ಲ ಎಂದು ನಮ್ಮ ಓಣಿಯಲ್ಲೂ ಸುದ್ದಿಯಾಯಿತು. ಆ ರಾತ್ರಿ ಅತ್ತೆಯ ಫೋಟೋ ಕಡೆ ನೋಡಲು ನನಗೆ ನಾಚಿಕೆಯಾಯಿತು.

ಎಳ್ಳಮಾವಾಸ್ಯೆಯ ದಿನ ಸಾಹೇಬರ ಹೆಂಡತಿ ಚರಗದ ಊಟಕ್ಕೆ ಬರಹೇಳಿದ್ದರು. ಹೊಲಕ್ಕೆಲ್ಲ ಎಡೆ ಚೆಲ್ಲಿ, ಬೆಳೆಯ ನಡುವೆ ಕೂತು ಉಣ್ಣುವ ಹಬ್ಬ. ಬರಿಗೈಯಲ್ಲಿ ಹೇಗೆ ಹೋಗುವುದು ಎಂದು ಒಂದು ಕಾಮಿನಿ ಸಸಿಯನ್ನೇ ಚೀಲದಲ್ಲಿ ಇಟ್ಟುಕೊಂಡು ಹೋದೆ. ಅವರ ಅಂಗಳದಲ್ಲಾದರೂ ಅದನ್ನು ಚಿಗುರಿಸಿ ಹಾಳಾದ ಹೆಸರನ್ನು ಕೊನೆಗೊಂದು ಸಲ ನೆಟ್ಟಗೆ ಮಾಡಿಕೊಳ್ಳೋಣ ಎಂಬ ಆಸೆ ಇನ್ನೂ ಸತ್ತಿರಲಿಲ್ಲ.

ಬೇಲಿಯ ಹತ್ತಿರ ಬಂದೆ. ಆಚೆ ಕಡೆ ತಮ್ಮನ ಹೊಲದಲ್ಲಿ ಜನ ಕೂತು ಉಣ್ಣುತ್ತಿದ್ದರು, ಅಕ್ಕತಂಗಿಯರಿಬ್ಬರೂ ಬಡಿಸುತ್ತಿದ್ದರು. ನೂರಾ ಹದಿನಾಲ್ಕರ ಸಂದಿಯಿಂದ ಪಂಚೆ ಎತ್ತಿ ಹಿಡಿದು, ಕಳ್ಳಹೆಜ್ಜೆ ಇಡುತ್ತ ಈಚೆಗೆ ದಾಟಿ ಬಂದರು ಒಬ್ಬರು. ಇಂಜಿನಿಯರ್ ಸಾಹೇಬರು! ಕೈಯಲ್ಲಿ ಅರ್ಧ ಶೇಂಗಾ ಹೋಳಿಗೆ, ಮೀಸೆಗೆಲ್ಲ ತುಪ್ಪ.

ನನ್ನನ್ನು ನೋಡಿ ಗಕ್ಕನೆ ನಿಂತರು. ನನ್ನ ಚೀಲದಿಂದ ಇಣುಕುತ್ತಿದ್ದ ಸಸಿಯನ್ನೂ ನೋಡಿದರು. ಗಂಟಲು ಸರಿಮಾಡಿಕೊಂಡರು.

"ಅದನ್ನ ಇಲ್ಲಿ ಹಚ್ಚಬ್ಯಾಡ್ರಿ, ಅಕ್ಕಾರ," ಎಂದರು ಗಂಭೀರವಾಗಿ. "ನಿಮ್ಮ ಕೈಗುಣ ಸರಿ ಇಲ್ಲ."

ಮಂಗ ತಾನು ತಿಂದು ಮೇಕೆಯ ಬಾಯಿಗೆ ಒರೆಸಿತು ಎನ್ನುತ್ತಾರಲ್ಲ, ಅಂದು ಆ ಮೇಕೆ ನಾನು. ಸಿಟ್ಟು ಬಂತು, ನಗುವೂ ಬಂತು. "ಖರೇರಿ, ಸಾಹೇಬ್ರ," ಎಂದೆ. ಸಸಿಯನ್ನು ಅಲ್ಲೇ ಇಟ್ಟು, ಅವರು ಬಂದ ಸಂದಿಯಿಂದಲೇ ದಾಟಿ ಊಟಕ್ಕೆ ಕೂತೆ.