ನೀಲಳ ಉಸಿರು ನನಗೆ ಕೇಳಿಸಿತ್ತು

ನಿನ್ನ ಅಮ್ಮನಿಗೆ ಗೊತ್ತಿರಲಿಲ್ಲ, ಸುಧಾ. ಗೊತ್ತಿದ್ದದ್ದು ನನಗೆ. ಅವಳ ಎದೆಯಲ್ಲಿ ರೋಗ ಕೂತಿದೆ ಎಂದು ಅವಳ ಮದುವೆಗೆ ಮೊದಲೇ ತಿಳಿದವಳು ನಾನು. ಯಾವ ಡಾಕ್ಟರಿಗಿಂತಲೂ ಮೊದಲು, ಅವಳಿಗಿಂತಲೂ ಮೊದಲು. ತಿಳಿದೂ ಸುಮ್ಮನಿದ್ದೆ — ಇಲ್ಲ, ಸುಮ್ಮನಿದ್ದೆ ಎಂದರೆ ಅದೂ ಸುಳ್ಳು. ಬಾಯಿಬಿಟ್ಟು ಬೇರೆಯದನ್ನೇ ಹೇಳಿದೆ.

ಮೊನ್ನೆ ನೀನು ಬಂದಾಗ ಕೇಳಿದೆಯಲ್ಲ — "ಅತ್ತೆ, ರೋಗ ಬಚ್ಚಿಟ್ಟು ಮದುವೆ ಆದೋಳು, ಹೆತ್ತ ಮಗೂನ ಬಿಟ್ಟು ಬಂದೋಳು, ಅವಳ ಮನೆಗೆ ನಾನ್ಯಾಕ್ ಹೋಗ್ಬೇಕು?" ನಾನು ಕಾಫಿ ಮಾಡುವ ನೆಪದಲ್ಲಿ ಒಳಗೆ ಎದ್ದು ಹೋದೆ. ನೀನು ಕಾದು ಕಾದು ಬಸ್ಸಿಗೆ ಹೊರಟೆ. ಆವತ್ತು ಹೇಳಬೇಕಿದ್ದುದನ್ನು ಈಗ ಹೇಳುತ್ತೇನೆ.

ಎಪ್ಪತ್ತರ ದಶಕದ ನಡುವಿನ ಮಾತು. ದುರ್ಗದಲ್ಲಿ ನಿನ್ನ ಸೋದರಮಾವನದು ರೇಡಿಯೋ ರಿಪೇರಿ ಅಂಗಡಿ. ಮೈಕ್ ಸೆಟ್ ಬಾಡಿಗೆಗೂ ಕೊಡುತ್ತಿದ್ದರು. ಮುಂದುಗಡೆ ಅಂಗಡಿ, ಹಿಂದೆ ಎರಡು ಕೋಣೆಯ ಮನೆ. ಮನೆಯಲ್ಲಿ ನಾವು ಗಂಡ ಹೆಂಡತಿ, ಮತ್ತು ಅವರ ತಂಗಿ ನೀಲ — ನಿನ್ನ ಅಮ್ಮ. ತಂದೆತಾಯಿ ಇಲ್ಲದ ಹುಡುಗಿ, ಅಣ್ಣನೇ ಎಲ್ಲ. ಅವಳು ಹಾಡುತ್ತಿದ್ದಳು. ಮುಸುರೆ ತಿಕ್ಕುವಾಗಲೂ ಹಾಡು, ಹೂ ಕಟ್ಟುವಾಗಲೂ ಹಾಡು.

ಹಳ್ಳಿಗಳಲ್ಲಿ ಹಾಡು ರೆಕಾರ್ಡ್ ಮಾಡಿಕೊಳ್ಳುತ್ತಿದ್ದ ಕಾಲೇಜು ಮೇಷ್ಟ್ರೊಬ್ಬರು ಒಂದು ದಿನ ಬಂದು, ಹೊರಗಿನ ಸದ್ದು ಒಳಗೆ ಬಾರದ ಹೆಡ್‌ಫೋನ್ ಬೇಕು, ಪರದೇಶದ್ದು ನಮ್ಮ ಕೈಗೆಟುಕುವುದಿಲ್ಲ, ನೀವೇ ಏನಾದರೂ ಮಾಡಿಕೊಡಿ ಎಂದರು. ನಿನ್ನ ಮಾವನಿಗೆ ಹುಚ್ಚು ಹಿಡಿಯಿತು. ಮಿಲಿಟರಿ ಗುಜರಿಯ ಹಳೇ ಸ್ಪೀಕರುಗಳನ್ನು ತರಿಸಿದರು. ಅಲ್ಯೂಮಿನಿಯಂ ಡಬ್ಬಿಯ ಮುಚ್ಚಳದಿಂದ ಹಿಂಬದಿ ಪೂರ್ತಿ ಮುಚ್ಚಿದರು. ಕಿವಿಯ ಸುತ್ತ ರೆಕ್ಸಿನ್ನಿನ ದಿಂಬು. ಪರೀಕ್ಷೆ ಮಾಡುವ ಕೆಲಸ ನನ್ನದು. "ನನ್ ಕಿವಿ ಮೈಕಿನ ಗದ್ದಲಕ್ಕೆ ಮೊಂಡಾಗೈತೆ. ನೀ ಹೇಳಿದ್ದೇ ಅಖೈರು ನೋಡು," ಎನ್ನುತ್ತಿದ್ದರು.

ಒಳಕೋಣೆಯಲ್ಲಿ ನೀಲ ಮೈಕಿನ ಮುಂದೆ ಕೂತು ಹಾಡುವುದು, ಅಂಗಡಿಯಲ್ಲಿ ನಾನು ಅದನ್ನು ತಲೆಗೇರಿಸಿಕೊಂಡು ಕೇಳುವುದು. ಮೊದಲನೆಯದು ಕಿವಿಯ ಹಿಂದಿನ ಮೂಳೆಯನ್ನು ಇಕ್ಕಳದಂತೆ ಹಿಡಿಯಿತು. ಅರ್ಧ ಗಂಟೆಗೆ ತಲೆ ಸಿಡಿಯಿತು. ಪಟ್ಟಿ ಸಡಿಲಿಸಿದರೆ ಬೀದಿಯ ಸದ್ದೆಲ್ಲ ಒಳಗೆ. ದಿಂಬಿಗೆ ಹತ್ತಿಯ ಬದಲು ಬೂರುಗದ ಅರಳೆ ತುಂಬಿ ಎಂದೆ, ಮೆತ್ತಗಾಯಿತು. ದನಿ ಬಿಂದಿಗೆಯೊಳಗಿಂದ ಬಂದಂತೆ ಮೊಳಗುತ್ತಿತ್ತು. ಮುಚ್ಚಳದೊಳಕ್ಕೆ ಹಳೇ ಕಂಬಳಿಯ ತುಂಡು ಅಂಟಿಸಿದರು — ಮೊಳಗು ನಿಂತಿತು. ರೆಕ್ಸಿನ್ನಿಗೆ ಕಿವಿ ಬೆವರುತ್ತಿತ್ತು, ಅದೊಂದನ್ನು ಬಿಟ್ಟರೆ ಇನ್ನೇನೂ ಕೊರತೆಯಿರಲಿಲ್ಲ. ಬೀದಿ ಸತ್ತುಹೋಯಿತು. ನೀಲ ನನ್ನ ತಲೆಯೊಳಗೇ ಕೂತು ಹಾಡಿದಂತಿತ್ತು.

ಆಗ ಕೇಳಿಸಿತು.

ಸಾಲು ಮುಗಿದು ಅವಳು ಉಸಿರು ಎಳೆದುಕೊಳ್ಳುವಲ್ಲಿ, ಕೊನೆಗೆ — ಒಣಗಿದ ಎಲೆಯನ್ನು ಬೆರಳಲ್ಲಿ ಹಿಸುಕಿದ ಹಾಗೆ. ಸಣ್ಣದು. ಮತ್ತೆ ಹಾಡು. ಮತ್ತೆ ಉಸಿರು, ಮತ್ತೆ ಅದೇ.

ರೆಕ್ಸಿನ್ ಕಿರುಗುಟ್ಟುತ್ತಿರಬೇಕು ಎಂದುಕೊಂಡೆ. ತಲೆ ಅಲ್ಲಾಡಿಸದೆ ಕಲ್ಲಿನಂತೆ ಕೂತೆ, ಕೇಳಿಸಿತು. ಎಡಬಲ ಬದಲಿಸಿ ಹಾಕಿಕೊಂಡೆ, ಕೇಳಿಸಿತು. "ನೀವೊಂದ್ಸಲ ಮಾತಾಡ್ರಿ," ಎಂದು ನಿನ್ನ ಮಾವನನ್ನು ಮೈಕಿನ ಮುಂದೆ ಕೂರಿಸಿದೆ. ಅವರ ಉಸಿರು ತಿಳಿಯಾಗಿತ್ತು. ಮತ್ತೆ ನೀಲಳನ್ನು ಕೂರಿಸಿದೆ —

ನನಗೆ ಆ ಸದ್ದು ಹೊಸದಲ್ಲ, ಸುಧಾ. ನನ್ನ ತಾಯಿ ಕ್ಷಯದಲ್ಲಿ ಹೋದವಳು. ಅವಳ ಬೆನ್ನಿಗೆ ಕಿವಿಯಾನಿಸಿ ಮಲಗುತ್ತಿದ್ದ ಮಗು ನಾನು. ಆ ಎಲೆ ಹಿಸುಕುವ ಸದ್ದು ಕೇಳುತ್ತಲೇ ಬೆಳೆದೆ. ಅದು ನಿಂತ ದಿನ ತಾಯಿಯೂ ಇರಲಿಲ್ಲ.

ಸಂಜೆಯಾದರೆ ನೀಲಳ ಮೈ ಬೆಚ್ಚಗಾಗುತ್ತಿದ್ದುದು, ರವಿಕೆ ಸಡಿಲವಾಗಿದ್ದುದು ಎಲ್ಲ ಒಮ್ಮೆಗೇ ಕಣ್ಣಿಗೆ ಕಟ್ಟಿತು. ಮದುವೆ ಹುಡುಗಿ, ಯೋಚನೆಗೆ ಸೊರಗಿದ್ದಾಳೆ ಎಂದು ನಗಾಡಿದ್ದೆವು. ಹೌದು, ಅಷ್ಟರಲ್ಲಿ ರಾಮಗಿರಿಯ ಸಂಬಂಧ ನಿಶ್ಚಯವಾಗಿತ್ತು. ಮದುವೆಯ ದಿನವೂ ಹತ್ತಿರ ಬಂದಿತ್ತು.

"ಏನೇ, ಏನ್ ಕೇಳಿಸ್ತು? ಮುಖ ಯಾಕ್ ಹಂಗಾತು?" ಎಂದರು ನಿನ್ನ ಮಾವ.

ನಾನು ಹೇಳಿದ್ದು ಇಷ್ಟು — "ಇದ್ರಲ್ಲೇ ಏನೋ ದೋಷ ಐತೆ ಕಣ್ರಿ. ಎಡಗಡೇದು ಕಿರ್ ಅಂತೈತೆ."

ಆ ಮನುಷ್ಯ ದೋಷವೇ ಇಲ್ಲದ ವಸ್ತುವನ್ನು ಬಿಚ್ಚಿದರು. ಬೆಸುಗೆ ಕಿತ್ತು ಮತ್ತೆ ಹಾಕಿದರು, ಸ್ಪೀಕರ್ ಬದಲಿಸಿದರು, ಹೊಸ ದಿಂಬು ಹೊಲಿಸಿದರು. ಪ್ರತಿ ಸಲವೂ ನೀಲ ಹೋಗಿ ಮೈಕಿನ ಮುಂದೆ ಕೂರುವಳು, ನಾನು ಕಿವಿಗೆ ಹಾಕಿಕೊಳ್ಳುವೆ. ಪ್ರತಿ ಸಲವೂ ಆ ಸದ್ದು ಒಂದಿಷ್ಟು ದಪ್ಪವಾದಂತೆ, ಒಂದಿಷ್ಟು ಮೇಲೇರಿದಂತೆ — ನನ್ನ ಭಯಕ್ಕೆ ಹಾಗನ್ನಿಸಿತೋ, ನಿಜಕ್ಕೂ ಹಾಗಿತ್ತೋ. ಹಾಡು ಮಾತ್ರ ಎಂದಿನಂತೆಯೇ ಚೆಂದ. ಅದು ನನ್ನನ್ನು ಇನ್ನಷ್ಟು ಹೆದರಿಸುತ್ತಿತ್ತು. ಒಮ್ಮೆ ಅವಳು ಹೊರಗೆ ಓಡಿ ಬಂದು ಕೇಳಿದಳು, "ಅತ್ತಿಗೆ, ನನ್ ದನಿ ಇದ್ರಾಗೆ ಹೆಂಗ್ ಕೇಳಿಸ್ತೈತೆ?"

"ಚೆಂದ ಕೇಳಿಸ್ತೈತೆ ಕಣೆ."

ಕೊನೆಗೊಂದು ದಿನ, "ಈಗ ಸರಿಹೋತು ಬಿಡ್ರಿ," ಎಂದುಬಿಟ್ಟೆ. ಸರಿಹೋಗಿರಲಿಲ್ಲ. ಕೇಳುವುದು ನನಗೆ ಸಾಕಾಗಿತ್ತು. ನಿನ್ನ ಮಾವ ಚಿಕ್ಕ ಹುಡುಗನ ಹಾಗೆ ಹಿಗ್ಗಿದರು. ಮೇಷ್ಟ್ರು ಬಂದು ಹೊತ್ತೊಯ್ದರು, ತಲೆಗೆ ಹಗುರ, ದನಿ ಶುದ್ಧ ಎಂದು ಹೊಗಳಿದರು.

ಯಾಕೆ ಹೇಳಲಿಲ್ಲ ಎಂದು ನೀನು ಕೇಳುತ್ತೀಯ. ಆಗ ನಾನು ಬಸುರಿ. ಆ ರೋಗ ನನ್ನ ಕೂಸು ಹುಟ್ಟುವ ಮನೆಯಲ್ಲಿ ಇರಬಾರದು ಎನ್ನಿಸಿತು. ಹೇಳಿದರೆ ಮದುವೆ ನಿಲ್ಲುತ್ತದೆ, ಅವಳು ಇಲ್ಲೇ ಉಳಿಯುತ್ತಾಳೆ, ಅವಳ ಹಾಸಿಗೆ, ಅವಳ ತಟ್ಟೆ, ಅವಳ ಕೆಮ್ಮು — ಹೇಳದಿದ್ದರೆ ರಾಮಗಿರಿಗೆ ಹೋಗುತ್ತಾಳೆ. ಅಷ್ಟೇ ಲೆಕ್ಕ. ಆ ಮನೆಯಲ್ಲೂ ಕೂಸು ಹುಟ್ಟೀತು ಎಂದು ಯೋಚಿಸಲಿಲ್ಲ ಎಂದರೆ ನಂಬಬೇಡ. ಯೋಚಿಸಿದ್ದೆ.

ಧಾರೆಯ ಹೊತ್ತಿಗೆ ಅವಳು ಸೆರಗು ಬಾಯಿಗೊತ್ತಿ ಕೆಮ್ಮು ತಡೆದಳು. ಹೋಮದ ಹೊಗೆ ಎಂದು ಯಾರೋ ಅಂದರು. ನಾನೂ ಹೌದೆಂದೆ.

ನೀನು ಹುಟ್ಟಿದ ಸ್ವಲ್ಪ ದಿನಕ್ಕೇ ಅವಳ ಬಾಯಲ್ಲಿ ರಕ್ತ ಬಿತ್ತು. ರಾಮಗಿರಿಯಿಂದ ಕರೆ ಬಂದು ನಾವಿಬ್ಬರೂ ಓಡಿದೆವು. ನಿನ್ನನ್ನು ಆಗಲೇ ಅವಳ ಮಡಿಲಿಂದ ತೆಗೆದುಕೊಂಡಿದ್ದರು. ನೀಲ ಜಗಲಿಯ ಮೂಲೆಯಲ್ಲಿ ದುಪ್ಪಟಿ ಹೊದ್ದು ಕೂತಿದ್ದಳು. ಒಳಗೆ ನೀನು ಹಾಲಿಗೆ ಅಳುತ್ತಿದ್ದೆ. ಅವಳ ರವಿಕೆ ಒದ್ದೆಯಾಗಿತ್ತು.

"ಗೊತ್ತಿದ್ದೂ ಗೊತ್ತಿದ್ದೂ ನಮ್ಮನೇಗೆ ತಂದು ಹಾಕಿದ್ರಲ್ಲಪ್ಪ," ಎಂದರು ನಿನ್ನ ಅಜ್ಜಿ.

ನಿನ್ನ ಮಾವ ಕೈಮುಗಿದರು. "ದೇವ್ರಾಣೆಗೂ ನಮಗ್ಯಾರಿಗೂ ಗೊತ್ತಿರ್ಲಿಲ್ಲ ಕಣಮ್ಮ," ಎಂದವರು ನನ್ನ ಕಡೆ ತಿರುಗಿ, "ನೀನಾರ ಹೇಳೇ," ಎಂದರು.

"ಗೊತ್ತಿರ್ಲಿಲ್ಲ," ಎಂದೆ ನಾನು.

"ನಮ್ಮತ್ತಿಗೆ ಸುಳ್ಳು ಹೇಳಲ್ಲ," ಎಂದಳು ನೀಲ, ಜಗಲಿಯಿಂದಲೇ.

ನಿನ್ನ ಅಜ್ಜಿ ನಂಬಲಿಲ್ಲ. ನಮಗೆ ತಿಳಿದಿರದಿದ್ದರೆ ಅವಳಿಗೆ ತಿಳಿದಿರಬೇಕು, ಅವಳೇ ಬಚ್ಚಿಟ್ಟಳು ಎಂದು ತೀರ್ಮಾನವಾಯಿತು. ನೀನು ಕೇಳಿ ಬೆಳೆದ ಕಥೆ ಹುಟ್ಟಿದ್ದು ಅಲ್ಲಿ, ನನ್ನ ಕಣ್ಣೆದುರು. ನಿನ್ನ ಅಮ್ಮ ನಿನ್ನನ್ನು ಬಿಟ್ಟು ಬರಲಿಲ್ಲ, ಸುಧಾ. ಅವಳನ್ನು ಗಾಡಿಗೆ ಕರೆದೊಯ್ಯಲು ಹೊರಟಾಗ ಮನೆಬಾಗಿಲ ಚೌಕಟ್ಟು ಹಿಡಿದುಕೊಂಡಿದ್ದಳು. ಬೆರಳು ಬಿಡಿಸಿದವಳು ನಾನು.

ಆಸ್ಪತ್ರೆಯಲ್ಲಿ ಡಾಕ್ಟರು, "ವರ್ಷ ಮುಂಚೆ ತಂದಿದ್ರೆ ಇಂಜೆಕ್ಷನ್‌ನಲ್ಲೇ ವಾಸಿ ಆಗ್ತಿತ್ತಲ್ರಿ," ಎಂದರು. ಜೀವ ಉಳಿಯಿತು. ಒಂದು ಶ್ವಾಸಕೋಶ ಹೋಯಿತು, ಹಾಡೂ ಹೋಯಿತು. ವಾಸಿಯಾಗಿ ನಿನ್ನನ್ನು ನೋಡಲು ರಾಮಗಿರಿಗೆ ಹೋದಾಗ ಅಂಗಳದಿಂದಲೇ ಕಳಿಸಿದರು. ಆಮೇಲೂ ಹೋದಳು. ನಿನ್ನ ಅಪ್ಪ ಮತ್ತೊಂದು ಮದುವೆಯಾದ ಮೇಲೆ ಹೋಗುವುದು ಬಿಟ್ಟಳು. ಇತ್ತ ನಾನು ನನ್ನ ಮಗನನ್ನು ತೊಡೆಯ ಮೇಲೆ ಮಲಗಿಸಿಕೊಂಡು ಹಾಲೂಡಿಸಿದೆ. ನಿನ್ನ ಮಾವ, ತಂಗಿಯ ಕಾಯಿಲೆ ಗುರುತಿಸಲಾಗದ ಅಣ್ಣ ನಾನು ಎಂದು ಕೊರಗುತ್ತಲೇ ಕಣ್ಮುಚ್ಚಿದರು. ಅವರ ತಲೆದಿಂಬಿನ ಪಕ್ಕ ಕೂತಿದ್ದಾಗಲೂ ನನ್ನ ಬಾಯಿ ತೆರೆಯಲಿಲ್ಲ.

ನೀನು ಹೋದ ಮಾರನೇ ದಿನ ನಿನ್ನ ಅಮ್ಮನಿರುವ ಹಿರಿಯೂರಿಗೆ ಹೋದೆ. ನೀಲ ಹೊಲಿಗೆ ಮೆಷಿನ್ನಿನ ಮುಂದೆ ಕೂತಿದ್ದಳು. ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಮೆಷಿನ್ ತುಳಿಯುತ್ತಿದ್ದ ಅವಳ ಕಾಲು ನಿಂತಿತು. ಬಟ್ಟೆಯನ್ನು ಸೂಜಿಯ ಕೆಳಗಿಂದ ಎಳೆದುಕೊಂಡಳು. ಬೈದಿದ್ದರೆ —

ಆಮೇಲೆ ಆ ಕ್ಷೀಣ ದನಿಯಲ್ಲಿ ಹೇಳಿದಳು: "ನಂಗ್ ಹೇಳಿ ಏನಾಗ್ಬೇಕು ಅತ್ತಿಗೆ. ನಾ ಬಚ್ಚಿಟ್ಟಿಲ್ಲ ಅನ್ನೋದು ನಂಗ್ ಗೊತ್ತೇ ಐತೆ. ಗೊತ್ತಿಲ್ದೇ ಇರೋದು ನನ್ ಮಗಳಿಗೆ."

ಮತ್ತೆ ಬಟ್ಟೆಯನ್ನು ಸೂಜಿಯ ಕೆಳಗೆ ಸರಿಸಿದಳು. ಕೂತುಕೋ ಎನ್ನಲಿಲ್ಲ. ನಾನು ಬಾಗಿಲು ದಾಟುವಾಗ ತಲೆ ಎತ್ತಲಿಲ್ಲ.

ನಿನಗೆ ಹೇಳಿದ್ದಾಯಿತು. ಇನ್ನು ರಾಮಗಿರಿಗೆ ಹೋಗುತ್ತೇನೆ. ನಿನ್ನ ಅಜ್ಜಿ ಈಗಿಲ್ಲ; ನಿನ್ನ ಅಪ್ಪ ಇದ್ದಾರೆ, ಆವತ್ತು ಅಂಗಳದಲ್ಲಿ ನಿಂತು ನೋಡಿದ ನೆರೆಯವರು ಕೆಲವರಿದ್ದಾರೆ. ಅವರೆಲ್ಲರನ್ನೂ ಕರೆಸಿ, ಅವರೆದುರು ಹೇಳುತ್ತೇನೆ. ನೀನು ಜೊತೆಗೆ ಬರಬೇಡ. ನೀನು ಹಿರಿಯೂರಿನ ಬಸ್ಸು ಹತ್ತು.