ಡೈನಮೋಗೆ ಅಭಿಷೇಕ

ನಮ್ಮ ಮೂಡಲಗಿ ಕಡೆ ಅಮಾವಾಸ್ಯೆ ಮನುಷ್ಯರಿಗೆ ಅಷ್ಟೇನೂ ಒಳ್ಳೆಯ ದಿನವಲ್ಲ. ಗಾಡಿಗಳಿಗೆ ಮಾತ್ರ ಹಬ್ಬ. ಟ್ರ್ಯಾಕ್ಟರಿನಿಂದ ಸ್ಕೂಟರಿನವರೆಗೆ ಎಲ್ಲಕ್ಕೂ ಸ್ನಾನ, ವಿಭೂತಿ, ಲಿಂಬೆಹಣ್ಣು, ಕಾಯಿ. ನನ್ನ ಮುದಿ ಕಾರಿಗೂ ಇದೆಲ್ಲ ತಪ್ಪದೆ ನಡೆಯುತ್ತಿತ್ತು. ಬರೀ ಮೈ ತೊಳೆದರೆ ಭಕ್ತಿ ಅರ್ಧವಾದೀತೆಂದು ಬಾನೆಟ್ ಎತ್ತಿ ಎಂಜಿನ್ನಿಗೂ ಪೈಪು ಹಿಡಿಯುತ್ತಿದ್ದೆ. ಆ ನೀರು ಎಲ್ಲೆಲ್ಲಿ ಇಳಿಯುತ್ತದೆಂದು ಯೋಚಿಸಲಿಲ್ಲ. ಅಭಿಷೇಕದ ನೀರು ಎಲ್ಲಿಗೆ ಹೋಯಿತೆಂದು ಯಾರಾದರೂ ಕೇಳುತ್ತಾರೆಯೇ?

ಈ ವರ್ಷ ಕಾರು ಕೈಕೊಡತೊಡಗಿತು. ಹೋದರೆ ಹೋಗಲಿ, ಬಸ್ಸಿದೆ ಎನ್ನುವ ಹಾಗಿರಲಿಲ್ಲ. ನನ್ನ ಹೆಂಡತಿ ಶಾಂತಾಳ ಮೂತ್ರಪಿಂಡಗಳು ಕೆಟ್ಟಿವೆ. ಡಯಾಲಿಸಿಸ್‌ಗೆಂದು ವಾರವಾರವೂ ಗೋಕಾಕಿಗೆ ಹೋಗಲೇಬೇಕು, ಬರುವಾಗ ಹಿಂದಿನ ಸೀಟಿನಲ್ಲಿ ಅವಳು ಮಲಗಲೇಬೇಕು.

ಕಾರು ನಿಂತಾಗ ಊರೆಲ್ಲ ವೈದ್ಯರು. ಹುಕ್ಕೇರಿಯಲ್ಲಿರುವ ನನ್ನ ಮೈದುನ ಫೋನಿನಲ್ಲೇ ನಾಡಿ ಹಿಡಿದು, "ಬ್ಯಾಟ್ರಿ ಹೋಗೇತ್ರಿ ಮಾಮಾರ" ಎಂದ. ಹೊಸ ಬ್ಯಾಟರಿ ಬಂತು. ಸ್ವಲ್ಪ ದಿನ ಓಡಿದ ಕಾರು, ಆಸ್ಪತ್ರೆಗೆ ಹೊರಟಾಗಲೇ ನಾಗನೂರ ಹತ್ತಿರ ಮತ್ತೆ ನಿಂತಿತು. ದೀಪ ಮಂಕು, ಹಾರ್ನಿಗೆ ನೆಗಡಿ. ಕಬ್ಬು ಕಡಿಯುತ್ತಿದ್ದವರು ಬಂದು ದೂಡಿದರು. ದೂಡುತ್ತಲೇ, "ಬ್ಯಾಟ್ರಿ ಬದಲಿ ಮಾಡ್ರಿ ಸರ" ಎಂದು ಸಲಹೆಯನ್ನೂ ಕೊಟ್ಟರು.

ಹಿಂದಿನ ಸೀಟಿನಿಂದ ಶಾಂತಾ, "ಗಾಡೀನೂ ಒಲ್ಲೆ ಅನ್ನಾಕತ್ತೇತಿ, ನಾನೂ ಒಲ್ಲೆ. ಸಾಕ್ರಿ ಇನ್ನ, ಮನಿಗೆ ಹೋಗೂಣು" ಎಂದಳು. ಅದು ಚೇಷ್ಟೆಯ ಮಾತಲ್ಲ. ಚಿಕಿತ್ಸೆ ನಿಲ್ಲಿಸಲು ಅವಳು ಕೆಲವು ತಿಂಗಳಿಂದ ನೆಪ ಹುಡುಕುತ್ತಿದ್ದಳು; ಈಗ ಕಾರೇ ಅವಳ ಪಕ್ಷ ಸೇರಿತ್ತು.

ಹೇಗೋ ಗೋಕಾಕ ಮುಟ್ಟಿ, ಅವಳನ್ನು ಆಸ್ಪತ್ರೆಯಲ್ಲಿ ಬಿಟ್ಟು, ಗಾಡಿಗಳ ವೈರಿಂಗ್ ನೋಡುವ ಬಸುವಿನ ಅಂಗಡಿಗೆ ಹೋದೆ. ಅವನು ಬ್ಯಾಟರಿಗೆ ಮೀಟರು ಹಚ್ಚಿ, ದೀಪ ಹಾಕಿಸಿ, ಆಕ್ಸಿಲರೇಟರ್ ಒತ್ತಿಸಿದ. ಎಂಜಿನ್ ಎಷ್ಟು ಕೂಗಿದರೂ ಮೀಟರಿನ ಮುಳ್ಳು ಏಳಲಿಲ್ಲ.

"ಬ್ಯಾಟ್ರಿದೇನ ತಪ್ಪಿಲ್ರಿ. ಡೈನಮೋ ಚಾರ್ಜ್ ಮಾಡವಲ್ದು."

ಪುಸ್ತಕದ ಆಲ್ಟರ್ನೇಟರ್ ನಮ್ಮ ಗ್ಯಾರೇಜುಗಳಲ್ಲಿ ಡೈನಮೋ. ಎಂಜಿನ್ ತಿರುಗಿದಂತೆ ಕರೆಂಟು ಹುಟ್ಟಿಸುವುದು ಅದೇ. ಬ್ಯಾಟರಿ ಬರೀ ಕಾಳು ತುಂಬಿಡುವ ಹಗೇವು. ಹೊಲದಲ್ಲಿ ಬೆಳೆಯೇ ಇಲ್ಲದಾಗ ನಾನು ಹೊಸ ಹಗೇವು ತೋಡಿಸಿ ಕೂತಿದ್ದೆ. ಬಸು ಡೈನಮೋ ಬಿಚ್ಚಿ ನೋಡಿದರೆ ಒಳಗೆಲ್ಲ ತುಕ್ಕು.

"ಅಮಾಸಿಗೆ ನೀರ ಹೊಡೀತೀರಿ?" ಎಂದ ಬಸು.

ನಾನು ತಲೆಯಾಡಿಸಿದೆ.

"ಹೊಡೀರಿ, ಎಲ್ಲಾರೂ ಹೊಡೀತಾರ. ನಾನೂ ಹೊಡದ ನಂದ ಕೆಡಿಸ್ಕೊಂಡೇನಿ" ಎಂದು ನಕ್ಕು, "ಇದನ್ನ ರಿಪೇರಿ ಮಾಡ್ಲ್ಯೋ, ಹೊಸಾದ ಹಾಕ್ಲ್ಯೋ?" ಎಂದು ಕೇಳಿದ.

ಮಾತು ಮುಗಿಯುವ ಮೊದಲೇ "ಹೊಸಾದ ಹಾಕು" ಎಂದೆ. ಆಸ್ಪತ್ರೆಯಲ್ಲಿ ಹಾಗೆ ಹೇಳುವ ಹಾಗಿರಲಿಲ್ಲ. ಹೊಸ ಮೂತ್ರಪಿಂಡ ಹಾಕುವ ಆಪರೇಷನ್ನನ್ನು ಶಾಂತಾಳ ಹೃದಯ ತಾಳುವುದಿಲ್ಲವೆಂದು ಡಾಕ್ಟರು ಹೇಳಿಬಿಟ್ಟಿದ್ದಾರೆ. ಬಸು ನಟ್ಟು ಬಿಗಿದು ಬೆಲ್ಟು ಎಳೆದು ನೋಡುವಾಗ ನಾನು ಬಾಜೂಕ್ಕೆ ನಿಂತು ಆ ಕಬ್ಬಿಣದ ಉಂಡೆಯನ್ನು ನೋಡಿ ಹೊಟ್ಟೆಕಿಚ್ಚುಪಟ್ಟೆ. ಕಾರಿನ ಮೇಲೆ ಹೊಟ್ಟೆಕಿಚ್ಚುಪಡುವ ಕಾಲವೂ ಬಂತಲ್ಲಪ್ಪಾ ಎನಿಸಿತು.

ಮುಂದಿನ ಸಲ ಹೊರಡುವ ದಿನ, ಅಂಗಳದಲ್ಲಿ ಕಾರು ಒಂದೇ ಕೀಲಿಗೆ ಗುರ್ರೆಂದಿತು. ಶಾಂತಾ ಕಟ್ಟೆಯ ಮೇಲೆ ಕೂತೇ ಇದ್ದಳು, ಚಪ್ಪಲಿ ಮೆಟ್ಟಿರಲಿಲ್ಲ. ಗೆದ್ದವನ ಹಾಗೆ ನಾನು, "ಈಗೇನ ನೆಪಾ ಹೇಳ್ತಿ ಹೇಳು" ಎಂದೆ.

"ನೆಪಕ್ಕೇನ ಬರ ಬಂದೈತ್ರಿ?" ಎಂದಳು. ಸ್ವಲ್ಪ ಹೊತ್ತು ಕಾರನ್ನು ನೋಡಿದಳು, ಆಮೇಲೆ ನನ್ನನ್ನು. "ಆದ್ರ ನಾ ಬರದಿದ್ರ, ನೀವು ಈ ಗಾಡಿ ತಗೊಂಡ ಎಲ್ಲಿಗೆ ಹೋಗ್ತೀರಿ?"

ಶಾಲು ಹೊದ್ದು ಬಂದು ಹಿಂದಿನ ಸೀಟಿನಲ್ಲಿ ಕೂತಳು. ಇಷ್ಟು ದಿನ ಅವಳನ್ನು ನಾನು ಕರೆದೊಯ್ಯುತ್ತಿದ್ದೇನೆಂದೇ ತಿಳಿದಿದ್ದೆ. ಅವಳ ಪ್ರಶ್ನೆಗೆ ದಾರಿಯುದ್ದಕ್ಕೂ ಉತ್ತರ ಹುಡುಕಿದೆ. ಗೋಕಾಕ ಬಂದರೂ ಹೋಗಲು ಇನ್ನೊಂದು ಊರು ಹೊಳೆಯಲಿಲ್ಲ.